ಪೊನ್ನಮ್ಮನಾ, ಪೊನ್ನವ್ವನಾ? ಮಗಳ ಹೆಸರಿನ ಎರಡು ರೂಪಗಳಲ್ಲಿ ಒಂದನ್ನು ಆರಿಸುವುದು ಹೇಗೆ

ಮಡಿಕೇರಿಯಲ್ಲಿ ಅರ್ಜಿ ತುಂಬಿಸಿಕೊಡುವ ಸಣ್ಣ ಅಂಗಡಿ ನನ್ನದು. ಜೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ, ಇಷ್ಟೇ ಕೆಲಸ. ಮಗು ಹುಟ್ಟಿದ ಮನೆಯವರು ಬಂದು ಕೂತರೆ ಅರ್ಧ ಗಂಟೆ ಒಂದೇ ಚರ್ಚೆ. "ಅನನ್ಯ ಅಂತ ಬರೆಯೋದಾ, ಅನನ್ಯಾ ಅಂತಾನಾ?" "ಸಾನ್ವಿ ಒಳ್ಳೇದಾ, ಶಾನ್ವಿ ಒಳ್ಳೇದಾ?" "ಅಜ್ಜಿ ಹೆಸರು ಪೊನ್ನವ್ವ, ಈಗಿನ ಕಾಲಕ್ಕೆ ಪೊನ್ನಮ್ಮ ಅಂತ ಮಾಡಿದ್ರೆ ಆಗಲ್ವಾ?" ಹಿಂದೆ ಸಾಲಿನಲ್ಲಿ ನಿಂತವರು ಗಡಿಯಾರ ನೋಡುತ್ತಿರುತ್ತಾರೆ. ಅದಕ್ಕೇ ಒಂದೇ ಸಲ ಎಲ್ಲ ಬರೆದುಬಿಡುತ್ತೇನೆ, ಓದಿಕೊಂಡು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬನ್ನಿ.

ಹೆಸರು ಹುಡುಕುವುದು ಹೇಗೆ ಅಂತ ಇಲ್ಲಿ ಹೇಳುತ್ತಿಲ್ಲ. ಹೆಸರು ಸಿಕ್ಕಿದೆ, ಎರಡು ರೂಪ ಉಳಿದಿವೆ, ಯಾವುದು ಅಂತ ಗೊತ್ತಾಗುತ್ತಿಲ್ಲ, ಅಂಥವರಿಗೆ ಇದು.

ಯಾವುದು ಚೆಂದ ಅಂತ ಕೇಳಿಕೊಂಡು ಕೂತರೆ ಇದು ಮುಗಿಯುವುದಿಲ್ಲ. ಎರಡೂ ಚೆಂದವೇ, ಅದಕ್ಕೇ ತಾನೇ ಎರಡೂ ಉಳಿದಿರುವುದು. ಎರಡರ ನಡುವಿನ ವ್ಯತ್ಯಾಸ ಎಲ್ಲಿ ಕೂತಿದೆ ಅಂತ ನೋಡಿ. ಬಾಯಲ್ಲಿದೆಯಾ, ಅರ್ಥದಲ್ಲಿದೆಯಾ, ಮನೆತನದಲ್ಲಿದೆಯಾ, ಸುಮ್ನೆ ಕಾಗದದ ಮೇಲೆ ಮಾತ್ರ ಇದೆಯಾ? ಅದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಏನೇನು ಬೇಕು

ಒಂದು ಬಿಳಿ ಹಾಳೆ, ಪೆನ್ನು. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಕಾಗದ. ತಾಯಿ ಕಾರ್ಡ್, ಅಂದರೆ ಗರ್ಭಿಣಿಯಾದಾಗ ಆಶಾ ಕಾರ್ಯಕರ್ತೆ ಮಾಡಿಸಿಕೊಟ್ಟು ಆಮೇಲೆ ಮಗುವಿನ ಲಸಿಕೆಯನ್ನೂ ಬರೆಯುವ ಪುಸ್ತಕ. ಅಪ್ಪ ಅಮ್ಮ ಇಬ್ಬರ ಆಧಾರ್. ಅಪ್ಪ ಅಮ್ಮನ ಹತ್ತನೇ ತರಗತಿ ಅಂಕಪಟ್ಟಿಯೂ ಕೈಯಲ್ಲಿರಲಿ. ಮಗುವಿನ ಹೆಸರಿಗೆ ಅದ್ಯಾಕೆ ಅನ್ನುತ್ತೀರಾ? ನಾಲ್ಕನೇ ಹಂತಕ್ಕೆ ಬಂದಾಗ ಗೊತ್ತಾಗುತ್ತದೆ.

ಮನೆಯಲ್ಲಿ ವಯಸ್ಸಾದವರು ಒಬ್ಬರು ಇದ್ದರೆ ಒಳ್ಳೆಯದು. ಹತ್ತು ಜನ ಬೇಡ. ಪುತ್ತರಿ ಹಬ್ಬಕ್ಕೆ ಐನ್‌ಮನೆಯಲ್ಲಿ ಅಂದರೆ ಮನೆತನದ ಮೂಲ ಮನೆಯಲ್ಲಿ ಎಲ್ಲರೂ ಸೇರಿದಾಗ ಕೇಳೋಣ ಅಂತ ಕಾದವರು ಎರಡು ಹೆಸರಿನೊಂದಿಗೆ ಹೋಗಿ ಐದು ಹೆಸರಿನೊಂದಿಗೆ ವಾಪಸ್ ಬಂದಿದ್ದನ್ನು ನೋಡಿದ್ದೇನೆ.

1. ವ್ಯತ್ಯಾಸ ಯಾವ ಜಾತಿಯದ್ದು ಅಂತ ಗುರುತಿಸಿ

ಹಾಳೆಯಲ್ಲಿ ಎರಡೂ ರೂಪವನ್ನು ಒಂದರ ಕೆಳಗೆ ಒಂದು ಬರೆಯಿರಿ. ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಗೆರೆ ಎಳೆಯಿರಿ. ಸಾಮಾನ್ಯವಾಗಿ ಇವುಗಳಲ್ಲಿ ಒಂದಾಗಿರುತ್ತದೆ.

ಕೊನೆಯ ಸ್ವರ ಗಿಡ್ಡವೋ ಉದ್ದವೋ. ಅನನ್ಯ, ಅನನ್ಯಾ. ಸಹನ, ಸಹನಾ. ವರ್ಷ, ವರ್ಷಾ. ಅತಿ ಹೆಚ್ಚು ಜಗಳ ಇದಕ್ಕೇ, ಅತಿ ಕಡಿಮೆ ವ್ಯತ್ಯಾಸವೂ ಇದರಲ್ಲೇ. ಯಾಕೆ ಗೊತ್ತಾ? ತೋಟದ ಆ ತುದಿಯಲ್ಲಿ ಆಡುತ್ತಿರುವ ಮಗಳನ್ನು ಕೂಗಿ ನೋಡಿ. "ಅನನ್ಯಾ..." ಅಂತಲೇ ಬರುತ್ತದೆ. ಕರೆಯುವಾಗ ಕನ್ನಡದಲ್ಲಿ ಕೊನೆಯ ಸ್ವರ ತಾನಾಗಿ ಉದ್ದವಾಗುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಎರಡಕ್ಕೂ ಕೊನೆಯಲ್ಲಿ ಒಂದೇ 'ಎ'. ಅಂದರೆ ಈ ವ್ಯತ್ಯಾಸ ಇರುವುದು ಕನ್ನಡದ ಕಾಗದದ ಮೇಲೆ ಮಾತ್ರ. ಇದಕ್ಕಾಗಿ ಅತ್ತೆ ಸೊಸೆ ಮಾತು ಬಿಡುವಷ್ಟು ಏನಿಲ್ಲ.

ಆದರೂ ಒಂದು ಸಂಗತಿ ಇದೆ. ಸಂಸ್ಕೃತದಿಂದ ಬಂದ ಕೆಲವು ಹೆಸರಿನಲ್ಲಿ ಕೊನೆಯ ದೀರ್ಘವೇ ಹೆಣ್ಣು ಅಂತ ಹೇಳುವ ಗುರುತು. ಸುತ ಅಂದರೆ ಮಗ, ಸುತಾ ಅಂದರೆ ಮಗಳು. ಆರ್ಯ ಅಂದರೆ ಇಲ್ಲಿ ಹುಡುಗ ಅಂದುಕೊಳ್ಳುತ್ತಾರೆ, ಕುಟ್ಟ ದಾಟಿ ಕೇರಳದ ಕಡೆ ಹೋದರೆ ಅದು ಹುಡುಗಿಯರ ಹೆಸರು. ನಿಮ್ಮ ಹೆಸರು ಈ ಥರದ್ದಾದರೆ ದೀರ್ಘ ಇರುವುದನ್ನೇ ಇಡಿ, ಮುಂದೆ ಯಾರೂ ಅರ್ಜಿಯಲ್ಲಿ ಗಂಡು ಅಂತ ಟಿಕ್ ಹಾಕುವುದಿಲ್ಲ. ಮೇಘ, ವರ್ಷ ಇವುಗಳಲ್ಲೂ ಹಾಗೇ, ಗಿಡ್ಡದ್ದು ಬರೆದರೆ ಮೋಡ, ವರುಷ ಅನ್ನುವ ಮಾಮೂಲಿ ಪದ, ಉದ್ದದ್ದು ಬರೆದರೆ ಹೆಸರು ಅಂತ ಕಣ್ಣಿಗೆ ಕಾಣುತ್ತದೆ.

ಒಂದು ಅಕ್ಷರವೇ ಬೇರೆ. ಸಾನ್ವಿ, ಶಾನ್ವಿ. ದೃತಿ, ಧೃತಿ. ಶ್ರುತಿ, ಶೃತಿ. ಇಲ್ಲಿ ಹುಷಾರು. ಎರಡು ರೂಪ ಅಂತ ನೀವು ಅಂದುಕೊಂಡದ್ದರಲ್ಲಿ ಒಂದು ಸರಿ, ಇನ್ನೊಂದು ಕಾಗುಣಿತದ ತಪ್ಪು ಆಗಿರಬಹುದು. ಎರಡನೇ ಹಂತ ಪೂರ್ತಿ ಇದಕ್ಕೇ.

ಹೆಸರಿನ ಬಾಲ ಬೇರೆ. ಪೊನ್ನಮ್ಮ, ಪೊನ್ನವ್ವ. ಪೂವಮ್ಮ, ಪೂವವ್ವ. ಕಾವೇರಿ, ಕಾವೇರಮ್ಮ. ಇದು ನಮ್ಮ ಜಿಲ್ಲೆಯ ಖಾಸಾ ಪ್ರಶ್ನೆ. ಕೊಡವ ತಕ್ಕ್‌ನಲ್ಲಿ ಅಂದರೆ ಕೊಡವ ಭಾಷೆಯಲ್ಲಿ ಅವ್ವ ಅಂದರೆ ತಾಯಿ, ಹಾಗಾಗಿ ಅಮ್ಮ, ಅವ್ವ ಎರಡೂ ಒಂದೇ ಅರ್ಥ ಕೊಡುತ್ತವೆ. ಪೊನ್ನು ಅಂದರೆ ಚಿನ್ನ, ಪೂ ಅಂದರೆ ಹೂವು. ಅರ್ಥದಲ್ಲಿ ಕೂದಲಿನಷ್ಟೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಯಾರ ಹೆಸರನ್ನು ಮುಂದುವರಿಸುತ್ತಿದ್ದೀರಿ ಅನ್ನುವುದರಲ್ಲಿ. ಅಜ್ಜಿ ಪೊನ್ನವ್ವ ಆಗಿದ್ದರೆ ಪೊನ್ನಮ್ಮ ಅಂತ ಇಟ್ಟರೆ ಅದು ಅಜ್ಜಿಯ ಹೆಸರೇ ಅಂತ ನಿಮಗೆ ಅನ್ನಿಸಬಹುದು, ಅಜ್ಜಿಯ ತಂಗಿಗೆ ಹಾಗೆ ಅನ್ನಿಸಲಿಕ್ಕಿಲ್ಲ. ಅಜ್ಜಿಯ ಹೆಸರಿಗಾಗಿಯೇ ಇಡುವುದಾದರೆ ಹಾಗೇ ಇಡಿ, ಹೊಳಪು ಕೊಡಲು ಹೋಗಬೇಡಿ. ಇದು ನನ್ನ ಅಭಿಪ್ರಾಯ, ಬೇಕಾದರೆ ಜಗಳ ಆಡಿ.

ಭಾಷೆಯೇ ಬೇರೆ. ಪೊನ್ನಮ್ಮ, ಹೊನ್ನಮ್ಮ. ಹಳಗನ್ನಡದ 'ಪ' ಹೊಸಗನ್ನಡದಲ್ಲಿ 'ಹ' ಆಯಿತು, ಪೂ ಹೋಗಿ ಹೂ, ಪೊನ್ ಹೋಗಿ ಹೊನ್ನು. ಕೊಡವ ತಕ್ಕ್‌ನಲ್ಲಿ 'ಪ' ಹಾಗೇ ಉಳಿಯಿತು. ಬೆಳ್ಳಿಗೆ ಬೊಳ್ಳಿ ಅನ್ನುವುದೂ ಇಂಥದ್ದೇ ಭಾಷಾ ವ್ಯತ್ಯಾಸ, ಬೊಳ್ಳಮ್ಮ ಬಂದದ್ದು ಅಲ್ಲಿಂದ. ಗಂಡ ಕೊಡವ, ಹೆಂಡತಿ ಸೋಮವಾರಪೇಟೆ ಕಡೆಯ ಕನ್ನಡದವರು ಅಂತಿದ್ದರೆ ಈ ಪ್ರಶ್ನೆ ಬರುತ್ತದೆ. ಇಲ್ಲಿ ವ್ಯಾಕರಣ ಏನೂ ಹೇಳುವುದಿಲ್ಲ, ಎರಡೂ ಸರಿ. ಮಗು ಬೆಳೆಯುವ ಮನೆಯಲ್ಲಿ ಯಾವ ಭಾಷೆ ಜಾಸ್ತಿ ಅಂತ ನೋಡಿ, ಆ ರೂಪ ಇಡಿ.

2. ಕಾಗುಣಿತ ಮತ್ತು ಅರ್ಥ ನಿಘಂಟಿನಲ್ಲಿ ನೋಡಿ

ಮೊಬೈಲಿನಲ್ಲಿ ಹೆಸರು ಹಾಕಿದರೆ ಅರ್ಥ ಹೇಳುವ ಜಾಗಗಳು ಬೇಕಾದಷ್ಟಿವೆ. ಅವುಗಳನ್ನು ನಂಬಬೇಡಿ. ಯಾವ ಹೆಸರು ಹಾಕಿದರೂ ಲಕ್ಷ್ಮಿ, ಪಾರ್ವತಿ, ಇಲ್ಲವೇ ಸೂರ್ಯನ ಕಿರಣ ಅಂತ ಬರುತ್ತದೆ. ಕಿಟ್ಟೆಲ್ ನಿಘಂಟು 1894ರಲ್ಲಿ ಬಂದದ್ದು, ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟೂ ಇದೆ. ಗ್ರಂಥಾಲಯದಲ್ಲಿ ಕೇಳಿ, ಇಲ್ಲವೇ ಹತ್ತಿರದ ಹೈಸ್ಕೂಲಿನ ಕನ್ನಡ ಮೇಷ್ಟ್ರನ್ನು ಕೇಳಿ, ಅವರಿಗೂ ಖುಷಿಯಾಗುತ್ತದೆ.

ನಾನು ಪದೇ ಪದೇ ನೋಡುವ ತಪ್ಪುಗಳು ಇವು.

ಶ್ರುತಿ ಸರಿ. ಶ್ರುತಿ ಅಂದರೆ ಕೇಳಿದ್ದು, ವೇದ, ಸಂಗೀತದ ಶ್ರುತಿ. ಶೃತಿ ಅಂತ ಬರೆಯುವವರು ತುಂಬಾ ಜನ, ಅಂಗಡಿ ಬೋರ್ಡಿನಲ್ಲೂ ಇರುತ್ತದೆ, ಆದರೂ ಅದು ತಪ್ಪು. ಕೃತಿ, ಸ್ಮೃತಿಯಲ್ಲಿ 'ಋ' ಇದೆ ಅಂತ ಇದಕ್ಕೂ ಹಾಕಿಬಿಡುತ್ತಾರೆ. ಇದರಲ್ಲಿ ಆಯ್ಕೆ ಅಂತಲೇ ಇಲ್ಲ.

ಧೃತಿ ಅಂದರೆ ಧೈರ್ಯ, ಸ್ಥಿರತೆ. ದೃತಿ ಅಂದರೆ ಸಂಸ್ಕೃತದಲ್ಲಿ ನೀರು ತುಂಬುವ ತೊಗಲಿನ ಚೀಲ. ನಾಲಿಗೆಗೆ ಸುಲಭ ಅಂತ ಹೊಟ್ಟೆ ಸೀಳದ 'ದ' ಹಾಕಿದರೆ ಮಗಳು ಚೀಲವಾಗುತ್ತಾಳೆ.

ಮೇಘಾ ಮತ್ತು ಮೇಧಾ. ಮೊದಲನೆಯದು ಮೋಡದಿಂದ, ಎರಡನೆಯದು ಬುದ್ಧಿಶಕ್ತಿ. ಟೈಪ್ ಮಾಡುವವರು ಒಂದರ ಬದಲು ಇನ್ನೊಂದು ಹೊಡೆಯುತ್ತಾರೆ. ಮೇಧಾ ಅಂತ ಇಡುವುದಾದರೆ ಅರ್ಜಿಯಲ್ಲಿ ಬರೆದು ಸುಮ್ಮನಾಗಬೇಡಿ, ಬಾಯಲ್ಲೂ ಹೇಳಿ.

ಛಾಯಾ ಅಂದರೆ ನೆರಳು. ಚಾಯಾ ಅಂತ ಬರೆದರೆ ಹೋಟೆಲಿನವರು ಸಕ್ಕರೆ ಎಷ್ಟು ಅಂತ ಕೇಳುತ್ತಾರೆ.

ಹೊಸ ಕಾಲದ ಹೆಸರುಗಳು ಎಷ್ಟೋ ನಿಘಂಟಿನಲ್ಲಿ ಸಿಗುವುದೇ ಇಲ್ಲ. ಸಿಗದಿದ್ದರೆ ಅದು ಅಪರಾಧ ಅಲ್ಲ, ಕಿವಿಗೆ ಹಿತ ಅನ್ನಿಸಿ ಇಟ್ಟದ್ದು, ಅಷ್ಟೇ. ಆದರೆ ಆಗ 'ಈ ರೂಪಕ್ಕೆ ಅರ್ಥ ಜಾಸ್ತಿ' ಅನ್ನುವ ವಾದವನ್ನು ಬಿಟ್ಟುಬಿಡಿ. ಎರಡಕ್ಕೂ ಅರ್ಥ ಇಲ್ಲದಿದ್ದರೆ ಮುಂದಿನ ಹಂತಕ್ಕೆ ಹೋಗಿ.

ನಕ್ಷತ್ರದ ಅಕ್ಷರ ನೋಡುವವರಿಗೆ ಒಂದು ಮಾತು. ಪಂಚಾಂಗದಲ್ಲಿ 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರ. ಅಶ್ವಿನಿಗೆ ಚು, ಚೆ, ಚೊ, ಲಾ, ಹೀಗೆ. ಇದು ಹೆಸರಿನ ಮೊದಲ ಅಕ್ಷರಕ್ಕೆ ಮಾತ್ರ. ಕೊನೆಯ ದೀರ್ಘ, ಅಮ್ಮ, ಅವ್ವ ಇವಕ್ಕೂ ನಕ್ಷತ್ರಕ್ಕೂ ಸಂಬಂಧ ಇಲ್ಲ. ಸಂಖ್ಯಾಶಾಸ್ತ್ರ ಅಂತ ಇಂಗ್ಲಿಷ್ ಸ್ಪೆಲಿಂಗಿಗೆ ಎರಡೆರಡು 'ಎ', ಮೂರು 'ಎನ್' ಸೇರಿಸುವವರಿದ್ದಾರೆ. ನಂಬಿಕೆ ನಿಮ್ಮದು. ಆದರೆ ಆ ಮಗು ಜೀವನಪೂರ್ತಿ ಫೋನಿನಲ್ಲಿ ಸ್ಪೆಲಿಂಗ್ ಹೇಳುತ್ತಾ ಕೂರಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

3. ಒಂದು ವಾರ ಬಾಯಲ್ಲಿ ಆಡಿಸಿ

ಇದು ಎಲ್ಲಕ್ಕಿಂತ ಸುಲಭ, ಮಾಡುವವರು ಮಾತ್ರ ಕಮ್ಮಿ. ಮೂರು ದಿನ ಒಂದು ರೂಪದಲ್ಲಿ ಕರೆಯಿರಿ, ಮೂರು ದಿನ ಇನ್ನೊಂದರಲ್ಲಿ. ಮನೆಯವರೆಲ್ಲ ಕರೆಯಲಿ. ಮಗುವಿಗೇನೂ ಗೊತ್ತಾಗುವುದಿಲ್ಲ, ಹಾಲು ಸಿಕ್ಕಿದರೆ ಸಾಕು ಅದಕ್ಕೆ.

ಕರೆಯುವುದು ಮಾತ್ರ ಸಾಲದು, ವಾಕ್ಯದಲ್ಲಿ ಹಾಕಿ. ಕನ್ನಡದಲ್ಲಿ ಹೆಸರಿಗೆ ಬಾಲ ಅಂಟುತ್ತದೆ ಅಲ್ವಾ, ವ್ಯಾಕರಣದಲ್ಲಿ ಅದಕ್ಕೆ ವಿಭಕ್ತಿ ಅನ್ನುತ್ತಾರೆ. ಕಾವೇರಿಗೆ, ಕಾವೇರಿಯ, ಕಾವೇರಿಯಿಂದ. ಕಾವೇರಮ್ಮನಿಗೆ, ಕಾವೇರಮ್ಮನ. 'ಇ'ಯಲ್ಲಿ, 'ಅಮ್ಮ'ದಲ್ಲಿ ಕೊನೆಯಾಗುವ ಹೆಸರಿಗೆ ತೊಂದರೆಯೇ ಇಲ್ಲ. ಗಿಡ್ಡ 'ಅ'ದಲ್ಲಿ ಕೊನೆಯಾದರೆ ಒಬ್ಬರು ಅನನ್ಯಳಿಗೆ ಅನ್ನುತ್ತಾರೆ, ಒಬ್ಬರು ಅನನ್ಯನಿಗೆ ಅನ್ನುತ್ತಾರೆ, ಒಬ್ಬರು ಅನನ್ಯಂಗೆ. ರಾಮನಿಗೆ ಅಂದ ಹಾಗೆ 'ನಿಗೆ' ಬಂದರೆ ಗಂಡಿನ ಹೆಸರಿನಂತೆ ಕೇಳುತ್ತದೆ ಅಂತ ಕೆಲವರಿಗೆ ಕಿರಿಕಿರಿ. ದೀರ್ಘ ಇದ್ದರೆ ಅನನ್ಯಾಗೆ, ಅನನ್ಯಾಳ ಅಂತ ಸೀದಾ ಹೋಗುತ್ತದೆ. ಎರಡರಲ್ಲಿ ಯಾವುದು ಅಂತ ಇನ್ನೂ ತೂಗುತ್ತಿದ್ದರೆ ನಾನಂತೂ ಇದನ್ನು ನೋಡಿ ದೀರ್ಘದ ಕಡೆ ವಾಲುತ್ತೇನೆ.

ಇನ್ನೊಂದು, ನಮ್ಮ ಜಿಲ್ಲೆಯಲ್ಲಿ ಒಂದು ಮನೆಗೆ ಬರುವವರು ಒಂದೇ ಭಾಷೆಯವರಲ್ಲ. ಕೊಡವ, ಅರೆಭಾಷೆ, ಕನ್ನಡ, ಮಲಯಾಳ, ತುಳು, ಬ್ಯಾರಿ, ಎರವ, ಕುರುಬ, ಒಂದೇ ದಿನ ಮೂರು ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ತೋಟದ ಕೆಲಸದವರು, ಪಕ್ಕದ ಮನೆಯವರು, ಅಂಗನವಾಡಿ ಟೀಚರ್, ಎಲ್ಲರ ಬಾಯಲ್ಲೂ ಹೇಳಿಸಿ. ಮಹಾಪ್ರಾಣ, ಅಂದರೆ ಉಸಿರು ಒತ್ತಿ ಹೇಳುವ ಖ, ಘ, ಧ, ಭ ಇಂಥ ಅಕ್ಷರಗಳು ಮಾತಿನಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ. 'ಶ' ಕೂಡ 'ಸ' ಆಗುತ್ತದೆ. ಶಾನ್ವಿ ಅಂತ ಇಟ್ಟರೂ ಅರ್ಧ ಊರು ಸಾನ್ವಿ ಅಂತಲೇ ಕರೆಯುವುದಾದರೆ, ಯಾಕೆ ಸಾನ್ವಿ ಅಂತಲೇ ಇಡಬಾರದು? ತಿದ್ದುವ ತಾಳ್ಮೆ ಇದ್ದರೆ ಶಾನ್ವಿ ಇಡಿ, ಆದರೆ ತಿದ್ದುವ ಕೆಲಸ ನಾಳೆ ಅವಳ ತಲೆಗೆ ಬರುತ್ತದೆ.

ಕೊಡವ ತಕ್ಕ್‌ನ ಕೆಲವು ಸ್ವರಗಳನ್ನು ಕನ್ನಡ ಅಕ್ಷರದಲ್ಲಿ ಸರಿಯಾಗಿ ಬರೆಯಲು ಆಗುವುದಿಲ್ಲ. ಅಜ್ಜಿ ಹೇಳಿದ್ದನ್ನು ಮೊಮ್ಮಗ ಒಂದು ಥರ ಬರೆಯುತ್ತಾನೆ, ಸೊಸೆ ಇನ್ನೊಂದು ಥರ, ಆಮೇಲೆ 'ಎರಡು ರೂಪ ಇದೆ' ಅಂತ ನನ್ನ ಹತ್ತಿರ ಬರುತ್ತಾರೆ. ರೂಪ ಒಂದೇ, ಬರೆಯುವ ಕಷ್ಟ ಎರಡು. ಹಾಗಿದ್ದರೆ ಅಜ್ಜಿಯ ಹಳೆಯ ಕಾಗದದಲ್ಲಿ, ಮತದಾರರ ಚೀಟಿಯೋ ಪಹಣಿಯೋ ಯಾವುದಾದರೂ ಸರಿ, ಹೇಗೆ ಬರೆದಿದೆ ಅಂತ ನೋಡಿ ಅದನ್ನೇ ಹಿಡಿಯಿರಿ.

4. ಒಕ್ಕದ ಹೆಸರು, ಅಪ್ಪನ ಹೆಸರಿನ ಜೊತೆ ಇಟ್ಟು ನೋಡಿ

ಒಕ್ಕ ಅಂದರೆ ಒಂದೇ ಮೂಲದ ಕೊಡವ ಕುಟುಂಬ, ಮನೆಹೆಸರು ಅಲ್ಲಿಂದ ಬರುತ್ತದೆ. ಹಳೆಯ ಕ್ರಮದಲ್ಲಿ ಮೊದಲು ಒಕ್ಕದ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಸ್ವಂತ ಹೆಸರು. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ, ಅದಕ್ಕೇ ಕೆ. ಎಂ. ಕಾರ್ಯಪ್ಪ. ಓಟಗಾರ್ತಿ ಮಾಚೆಟ್ಟಿರ ರಾಜು ಪೂವಮ್ಮ, ಎಂ. ಆರ್. ಪೂವಮ್ಮ. ಇನ್ನೊಂದು ಕ್ರಮದಲ್ಲಿ ಸ್ವಂತ ಹೆಸರು ಮೊದಲು, ಅಪ್ಪನ ಹೆಸರು ಹಿಂದೆ, ಬ್ಯಾಡ್ಮಿಂಟನ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಅವರದ್ದು ಹಾಗೆ.

ನಿಮ್ಮ ಎರಡು ರೂಪವನ್ನೂ ಎರಡು ಕ್ರಮದಲ್ಲೂ ಪೂರ್ತಿ ಬರೆದು ಓದಿ. ಅಪ್ಪನ ಹೆಸರು ಪೊನ್ನಪ್ಪ ಆಗಿದ್ದರೆ ಪೊನ್ನಮ್ಮ ಪೊನ್ನಪ್ಪ ಅಂತ ಆಗುತ್ತದೆ, ನಾಲಿಗೆ ತೊಡರುತ್ತದೆ. ಕಾವೇರಿ ಪೊನ್ನಪ್ಪ ಹಗುರ. ಹಿಂದೆ ಅಪ್ಪ, ಅಯ್ಯ ಅಂತ ಬರುವ ಹೆಸರಿದ್ದರೆ ಮುಂದೆ ಗಿಡ್ಡ ರೂಪ ಚೆನ್ನಾಗಿ ಕೂರುತ್ತದೆ. ಬರೀ ಇನಿಶಿಯಲ್ ಆದರೆ ಉದ್ದ ರೂಪಕ್ಕೂ ಜಾಗ ಇದೆ. ಆದರೆ ಒಕ್ಕದ ಹೆಸರಿನ ತಾಳಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಮದುವೆಯಾದರೆ ಹುಡುಗಿಯ ಒಕ್ಕ ಬದಲಾಗುತ್ತದೆ, ಸ್ವಂತ ಹೆಸರು ಉಳಿಯುತ್ತದೆ.

ಅದೇ ಒಕ್ಕದಲ್ಲಿ ಅದೇ ಹೆಸರಿನವರು ಇದ್ದಾರಾ ಅಂತ ಕೇಳಿ. ಅಜ್ಜಿ ಒಬ್ಬರು, ದೊಡ್ಡಪ್ಪನ ಮಗಳು ಒಬ್ಬಳು, ಈಗ ನಿಮ್ಮ ಮಗಳು, ಇನಿಶಿಯಲ್ಲೂ ಒಂದೇ ಆದರೆ ಮುಂದೆ ವಂಶವೃಕ್ಷ, ಜಮ್ಮಾ ಜಮೀನಿನ (ವಂಶಪಾರಂಪರ್ಯವಾಗಿ ಬರುವ ಭೂಮಿಯ) ಕಾಗದ ಮಾಡಿಸುವಾಗ ಯಾರು ಯಾರು ಅಂತ ಬಿಡಿಸಲು ದಿನಗಟ್ಟಲೆ ಬೇಕು. ಅವಳದು ಪೊನ್ನಮ್ಮ, ನಮ್ಮದು ಪೊನ್ನವ್ವ, ಬೇರೆ ಗೊತ್ತಾಗುತ್ತದೆ ಅಂತ ನಂಬಿ ಕೂರಬೇಡಿ. ಅಷ್ಟು ಸಣ್ಣ ವ್ಯತ್ಯಾಸವನ್ನು ಟೈಪ್ ಮಾಡುವವರು ಗಮನಿಸುವುದಿಲ್ಲ.

ಇನ್ನು ಆ ಅಂಕಪಟ್ಟಿಯ ವಿಷಯ. ಮಗುವಿನ ಪ್ರಮಾಣಪತ್ರದಲ್ಲಿ ಅಪ್ಪ ಅಮ್ಮನ ಹೆಸರೂ ಬರುತ್ತದೆ. ಅಪ್ಪನ ಆಧಾರಿನಲ್ಲಿ ಒಂದು ಸ್ಪೆಲಿಂಗ್, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅದೇ ಗೋಜಲು ಮಗಳಿಗೆ ಆಸ್ತಿಯಾಗಿ ಹೋಗುತ್ತದೆ. ಮೊದಲು ನಿಮ್ಮದನ್ನು ಒಂದು ಮಾಡಿಕೊಳ್ಳಿ.

5. ಇಂಗ್ಲಿಷ್ ಸ್ಪೆಲಿಂಗ್ ಈಗಲೇ ತೀರ್ಮಾನಿಸಿ

ಹೆಚ್ಚಿನವರು ಕನ್ನಡಕ್ಕೆ ತಿಂಗಳುಗಟ್ಟಲೆ ಯೋಚಿಸಿ ಇಂಗ್ಲಿಷನ್ನು ಕೌಂಟರಿನಲ್ಲಿ ನಿಂತು ಹೇಳುತ್ತಾರೆ. ಉಲ್ಟಾ ಆಗಬೇಕಿತ್ತು. ಶಾಲೆ, ಬ್ಯಾಂಕು, ಪಾಸ್‌ಪೋರ್ಟು ಎಲ್ಲ ಕಡೆ ಹೋಲಿಸಿ ನೋಡುವುದು ಇಂಗ್ಲಿಷ್ ರೂಪವನ್ನೇ.

'ತ'ಗೆ ನಾವು ಟಿ-ಎಚ್ ಹಾಕುತ್ತೇವೆ, ಉತ್ತರದವರು ಬರೀ ಟಿ ಹಾಕುತ್ತಾರೆ. ಶ್ರುತಿಗೆ ಟಿ-ಎಚ್ ಹಾಕಿದರೆ ದೆಹಲಿಯಲ್ಲಿ ಶ್ರುಥಿ ಅಂತ ಓದುತ್ತಾರೆ, ಬರೀ ಟಿ ಹಾಕಿದರೆ ಇಲ್ಲಿ ಕೆಲವರು ಶ್ರುಟಿ ಅಂತ ಓದುತ್ತಾರೆ. ಎರಡರಲ್ಲಿ ಒಂದು ನಷ್ಟ ಒಪ್ಪಿಕೊಳ್ಳಲೇಬೇಕು. ದೀರ್ಘ 'ಈ'ಗೆ ಒಂದು ಐ ಅಥವಾ ಎರಡು ಇ, 'ಊ'ಗೆ ಯು ಅಥವಾ ಎರಡು ಓ, 'ವ'ಗೆ ವಿ ಅಥವಾ ಡಬ್ಲ್ಯು. ಕಾರ್ಯಪ್ಪ ಅನ್ನುವ ಹೆಸರನ್ನೇ ನೋಡಿ, ಫೀಲ್ಡ್ ಮಾರ್ಷಲ್ ಅವರದ್ದು 'ಸಿ'ಯಿಂದ ಶುರುವಾಗುತ್ತದೆ, 'ಕೆ'ಯಿಂದ ಬರೆಯುವವರೂ ಇದ್ದಾರೆ. ಎರಡೂ ತಪ್ಪಲ್ಲ. ಒಬ್ಬರ ಕಾಗದಗಳಲ್ಲೇ ಎರಡೂ ಇದ್ದರೆ ಮಾತ್ರ ತಪ್ಪು.

ನನ್ನ ಸಲಹೆ ಇಷ್ಟು. ಎಷ್ಟು ಕಡಿಮೆ ಅಕ್ಷರದಲ್ಲಿ ಸರಿಯಾಗಿ ಓದಿಸಬಹುದೋ ಅಷ್ಟೇ ಹಾಕಿ. ಹೆಸರು ಕೇಳದ ಒಬ್ಬರಿಗೆ ಬರೆದು ತೋರಿಸಿ, ಓದಲಿ. ಆಮೇಲೆ ಇನ್ನೊಬ್ಬರಿಗೆ ಬಾಯಲ್ಲಿ ಹೇಳಿ, ಬರೆಯಲಿ. ಎರಡೂ ಕಡೆ ಕಡಿಮೆ ತಪ್ಪಾದ ರೂಪ ಗೆದ್ದಿತು ಅಂತ ಇಟ್ಟುಕೊಳ್ಳಿ.

6. ನೋಂದಣಿ ಮಾಡಿಸಿ

ಇಲ್ಲಿ ನಿಧಾನವಾಗಿ ಓದಿ, ಜಾಸ್ತಿ ಜನ ಎಡವುವುದು ಇಲ್ಲೇ.

ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಹುಟ್ಟಿದ 21 ದಿನದೊಳಗೆ ಜನನದ ಮಾಹಿತಿ ಹೋಗಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಆಸ್ಪತ್ರೆಯವರೇ ಕಳಿಸುತ್ತಾರೆ, ಮನೆಯಲ್ಲಿ ಹುಟ್ಟಿದರೆ ಮನೆಯವರು ಹೇಳಬೇಕು. ಆದರೆ ಹೆಸರು ಅಷ್ಟರೊಳಗೆ ಬೇಕೇ ಬೇಕು ಅಂತಿಲ್ಲ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಡಿಸ್ಚಾರ್ಜ್ ದಿನ ನರ್ಸ್ ಅವಸರ ಮಾಡಿದರು ಅಂತ ಬಾಯಿಗೆ ಬಂದ ರೂಪ ಹೇಳಿಬಿಡುತ್ತಾರೆ, ಆಮೇಲೆ ಓಡಾಟ. ತೀರ್ಮಾನ ಆಗಿಲ್ಲದಿದ್ದರೆ ಹೆಸರಿನ ಜಾಗ ಖಾಲಿ ಬಿಡಿ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕ ಇಲ್ಲದೆ ಹೆಸರು ಸೇರಿಸಬಹುದು. ಅದಾದ ಮೇಲೂ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಲು ಅವಕಾಶ ಇದೆ, ಆದರೆ ಅಷ್ಟು ಎಳೆಯಬೇಡಿ.

ಹಾಗಾದರೆ ವರ್ಷಪೂರ್ತಿ ಯೋಚಿಸಬಹುದಾ? ಬೇಡ. ಆಧಾರ್, ಬ್ಯಾಂಕ್ ಎಲ್ಲ ನಿಂತುಬಿಡುತ್ತವೆ. ಮೂರು ತಿಂಗಳು ಸಾಕು.

ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ, ನೀವು ವಾಸ ಇರುವ ಜಾಗದಲ್ಲಲ್ಲ. ನಮ್ಮವರು ಎಷ್ಟೋ ಜನ ಹೆರಿಗೆಗೆ ಮೈಸೂರು, ಮಂಗಳೂರಿಗೆ ಹೋಗುತ್ತಾರೆ. ಮಗು ಮೈಸೂರಿನಲ್ಲಿ ಹುಟ್ಟಿದ್ದರೆ ಹೆಸರು ಸೇರಿಸುವುದಕ್ಕೂ ತಿದ್ದುವುದಕ್ಕೂ ಅಲ್ಲಿನ ನೋಂದಣಾಧಿಕಾರಿಯೇ. ಮಡಿಕೇರಿ ಕಚೇರಿಯಲ್ಲಿ ಬೇಡಿಕೊಂಡರೂ ಅವರ ರಿಜಿಸ್ಟರಿನಲ್ಲಿ ನಿಮ್ಮ ಮಗು ಇಲ್ಲ. ಮಳೆಗಾಲ ಶುರುವಾಗುವ ಮುಂಚೆ ಮುಗಿಸಿಕೊಳ್ಳಿ, ಜುಲೈನಲ್ಲಿ ಘಾಟಿ ಇಳಿದು ಮಂಗಳೂರಿಗೆ ಒಂದು ದೀರ್ಘಕ್ಕೋಸ್ಕರ ಹೋಗುವುದು ಯಾರಿಗೂ ಬೇಡ.

ಅರ್ಜಿಯಲ್ಲಿ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಿಡಿ ಬಿಡಿಯಾಗಿ, ಅಕ್ಷರ ಅಕ್ಷರ ಬರೆಯಿರಿ. ಟೈಪ್ ಮಾಡಿದ ಮೇಲೆ ಸ್ಕ್ರೀನ್ ನಿಮ್ಮ ಕಡೆ ತಿರುಗಿಸಲು ಹೇಳಿ. ನಾಚಿಕೆ ಬೇಡ. ನೋಡಬೇಕಾದ್ದು ಇವು: 'ಮೇ' ಇದ್ದದ್ದು 'ಮೆ' ಆಗಿದೆಯಾ, ದೀರ್ಘ ಬಿಟ್ಟುಹೋಗಿದೆಯಾ, ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಹೋಗಿದೆಯಾ, ಇನಿಶಿಯಲ್ ಮುಂದಿದೆಯಾ ಹಿಂದಿದೆಯಾ. ನನ್ನ ಮಗಳ ಕಾಗದದಲ್ಲೇ ಒಂದು ಕಚೇರಿಯಲ್ಲಿ ದೀರ್ಘ ಬಿಟ್ಟು ಹೊಡೆದಿದ್ದರು, ಬೇರೆಯವರ ಅರ್ಜಿ ದಿನಾ ನೋಡುವ ನಾನು ನನ್ನದನ್ನೇ ನೋಡಿರಲಿಲ್ಲ.

ಒಂದು ಸಲ ಹೆಸರು ಸೇರಿದ ಮೇಲೆ ಬದಲಾಯಿಸುವುದು ಬೇರೆ ಕಥೆ. ರಿಜಿಸ್ಟರಿನಲ್ಲಿ ತಪ್ಪಾಗಿದ್ದರೆ, ಅಂದರೆ ನೀವು ಬರೆದುಕೊಟ್ಟದ್ದು ಒಂದು ಅವರು ಹೊಡೆದದ್ದು ಇನ್ನೊಂದು ಆಗಿದ್ದರೆ, ದಾಖಲೆ ತೋರಿಸಿ ತಿದ್ದಿಸಬಹುದು. ಮೂಲ ನಮೂದನ್ನು ಅಳಿಸುವುದಿಲ್ಲ, ಅಂಚಿನಲ್ಲಿ ತಿದ್ದುಪಡಿ ಬರೆಯುತ್ತಾರೆ. ಆದರೆ 'ಸಾನ್ವಿ ಅಂತ ಕೊಟ್ಟಿದ್ವಿ, ಈಗ ಶಾನ್ವಿ ಇಷ್ಟ ಆಯ್ತು' ಅನ್ನುವುದು ತಪ್ಪು ತಿದ್ದುವುದಲ್ಲ, ಮನಸ್ಸು ಬದಲಾಯಿಸುವುದು. ಅದಕ್ಕೆ ಆ ಬಾಗಿಲು ಇಲ್ಲ. ಅರ್ಜಿಯ ಜೆರಾಕ್ಸ್ ಒಂದನ್ನು ಸ್ವೀಕೃತಿ ಮುದ್ರೆ ಹಾಕಿಸಿ ಇಟ್ಟುಕೊಳ್ಳಿ, ತಪ್ಪು ಯಾರದ್ದು ಅಂತ ತೋರಿಸಲು ಅದೊಂದೇ ಸಾಕ್ಷಿ.

7. ಉಳಿದ ಕಾಗದಗಳು ಈ ಕ್ರಮದಲ್ಲಿ

ಮೊದಲು ಜನನ ಪ್ರಮಾಣಪತ್ರ, ಆಮೇಲೆ ಉಳಿದದ್ದೆಲ್ಲ. 2023ರ ಅಕ್ಟೋಬರ್ 1ರಿಂದ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದಿದೆ. ಆ ದಿನದಿಂದ ಈಚೆ ಹುಟ್ಟಿದವರಿಗೆ ಶಾಲೆ ಸೇರಲು, ಡ್ರೈವಿಂಗ್ ಲೈಸೆನ್ಸಿಗೆ, ಮತದಾರರ ಪಟ್ಟಿಗೆ, ಮದುವೆ ನೋಂದಣಿಗೆ, ಸರ್ಕಾರಿ ಕೆಲಸಕ್ಕೆ ಹುಟ್ಟಿದ ದಿನ ಮತ್ತು ಜಾಗದ ಪುರಾವೆ ಈ ಪ್ರಮಾಣಪತ್ರವೇ. ಪಾಸ್‌ಪೋರ್ಟಿಗೂ ಅಷ್ಟೇ. ನಮ್ಮ ಕಾಲದ ಹಾಗೆ ಶಾಲೆಯ ದಾಖಲಾತಿಯಲ್ಲಿ ಮೇಷ್ಟ್ರು ಬರೆದದ್ದೇ ಹೆಸರು, ಬರೆದದ್ದೇ ಹುಟ್ಟಿದ ದಿನ ಅನ್ನುವುದು ಇನ್ನು ನಡೆಯುವುದಿಲ್ಲ.

ಆಮೇಲೆ ಆಧಾರ್. 5 ವರ್ಷದೊಳಗಿನ ಮಕ್ಕಳಿಗೆ ನೀಲಿ ಬಣ್ಣದ್ದು, ಬೆರಳಚ್ಚು ಇಲ್ಲ, ಅಪ್ಪ ಅಥವಾ ಅಮ್ಮನ ಆಧಾರಿಗೆ ಜೋಡಿಸುತ್ತಾರೆ. 5 ತುಂಬಿದಾಗ ಮತ್ತೆ 15 ತುಂಬಿದಾಗ ಬೆರಳಚ್ಚು, ಕಣ್ಣಿನ ಗುರುತು ಕೊಡಬೇಕು. ಇಲ್ಲಿ ಒಂದು ಗುಂಡಿ ಇದೆ. ಇಂಗ್ಲಿಷಿನಲ್ಲಿ ಹೊಡೆದರೆ ಕನ್ನಡ ರೂಪವನ್ನು ಯಂತ್ರವೇ ಬರೆಯುತ್ತದೆ. ಅದಕ್ಕೆ ದೀರ್ಘ ಎಲ್ಲಿ, ಮಹಾಪ್ರಾಣ ಎಲ್ಲಿ ಅಂತ ಗೊತ್ತಿಲ್ಲ. ಶ್ರುತಿ ಹೋಗಿ ಶ್ರುಥಿ ಆಗುತ್ತದೆ, ಪೂವಮ್ಮ ಪೂವಂಮ ಆಗಿದ್ದನ್ನೂ ನೋಡಿದ್ದೇನೆ. ಒಪ್ಪಿಗೆ ಕೊಡುವ ಮುಂಚೆ ಕನ್ನಡದ ಸಾಲನ್ನು ಓದಿ, ಅಲ್ಲೇ ತಿದ್ದಿಸಿ. ಆಧಾರಿನಲ್ಲಿ ಹೆಸರು ಬದಲಾಯಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಹೆಣ್ಣುಮಗುವಿನದ್ದನ್ನು ತೊಟ್ಟಿಲಲ್ಲೇ ಖರ್ಚು ಮಾಡಬೇಡಿ, ಮದುವೆಯಾದ ಮೇಲೆ ಅವಳಿಗೆ ಬೇಕಾಗಬಹುದು.

ತಾಯಿ ಕಾರ್ಡಿನಲ್ಲಿ, ಅಂಗನವಾಡಿ ಪುಸ್ತಕದಲ್ಲಿ ಈಗಾಗಲೇ 'ಪಾಪು', 'ಚಿನ್ನು' ಅಂತ ಏನೋ ಬರೆದಿದ್ದರೆ ಪ್ರಮಾಣಪತ್ರ ತೋರಿಸಿ ಸರಿ ಮಾಡಿಸಿ. ಪೋಸ್ಟ್ ಆಫೀಸಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯುವುದಾದರೆ, ಅದನ್ನು ಮಗಳಿಗೆ 10 ವರ್ಷ ತುಂಬುವುದರೊಳಗೆ ತೆರೆಯಬೇಕು, ಪ್ರಮಾಣಪತ್ರದ ಸ್ಪೆಲಿಂಗೇ ಹಾಕಿ.

ಪಾಸ್‌ಪೋರ್ಟ್ ಮಾಡಿಸುವವರಿಗೆ: ಅಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸ್ವಂತ ಹೆಸರಿಗೆ ಒಂದು ಜಾಗ, ಸರ್‌ನೇಮ್ ಅಂದರೆ ಮನೆತನದ ಹೆಸರಿಗೆ ಒಂದು ಜಾಗ. ಒಕ್ಕದ ಹೆಸರು ಹಾಕುತ್ತೀರೋ ಅಪ್ಪನ ಹೆಸರು ಹಾಕುತ್ತೀರೋ ಅನ್ನುವುದನ್ನು ನಾಲ್ಕನೇ ಹಂತದಲ್ಲೇ ಯೋಚಿಸಿದ್ದರೆ ಇಲ್ಲಿ ತಲೆನೋವಿಲ್ಲ.

8. ಈಗಾಗಲೇ ಎರಡು ರೂಪ ಎರಡು ಕಾಗದದಲ್ಲಿ ಇದ್ದರೆ

ಗಾಬರಿ ಬೇಡ, ಮಗು ಸಣ್ಣದಿದ್ದರೆ ಕೆಲಸವೂ ಸಣ್ಣದು. ಜನನ ಪ್ರಮಾಣಪತ್ರದಲ್ಲಿ ಇರುವುದನ್ನೇ ಮೂಲ ಅಂತ ಹಿಡಿದು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಉಲ್ಟಾ ಮಾಡಲು ಹೋಗಬೇಡಿ, ಆಧಾರಿನಲ್ಲಿರುವ ರೂಪ ಎಷ್ಟೇ ಇಷ್ಟವಾಗಿರಲಿ. ಹತ್ತನೇ ತರಗತಿ ಅಂಕಪಟ್ಟಿ ಬರುವ ಮುಂಚೆ ಇದೆಲ್ಲ ಮುಗಿದಿರಬೇಕು. ಅದರಲ್ಲಿ ತಪ್ಪು ಹೆಸರು ಅಚ್ಚಾದರೆ ಶಾಲೆ, ಮಂಡಳಿ ಅಂತ ಸುತ್ತುವುದು ತುಂಬಾ ದಿನದ ಕೆಲಸ. ಪೂರ್ತಿ ಬೇರೆ ಹೆಸರೇ ಬೇಕು ಅಂದರೆ ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಗೆಜೆಟ್ ಅಂತ ಉದ್ದ ದಾರಿ, ಅದಕ್ಕೆ ವಕೀಲರನ್ನು ಕೇಳಿ.

ಸೋತ ರೂಪವನ್ನು ಏನು ಮಾಡುವುದು ಅಂತ ಒಬ್ಬರು ಅಜ್ಜಿ ಬೇಜಾರಿನಲ್ಲಿ ಕೇಳಿದ್ದರು. ಅದನ್ನು ಕರೆಯುವ ಹೆಸರು ಮಾಡಿಕೊಳ್ಳಿ. ಕಾಗದದಲ್ಲಿ ಕಾವೇರಿ, ಅಡುಗೆ ಮನೆಯಲ್ಲಿ ಕಾವೇರಮ್ಮ. ಅದಕ್ಕೆ ಅರ್ಜಿ ಬೇಡ, ಜೆರಾಕ್ಸ್ ಬೇಡ, ನನ್ನ ಅಂಗಡಿಗೆ ಬರುವುದೂ ಬೇಡ.